ಅಶ್ವತ್ಥಪ್ಪನ ಕಾರಿಗೆ ಓಮದ ನೀರು

"ಈ ಕಾರಿನ ಮೈಮೇಲೆ ಯಾವನಾದ್ರೂ ಮೆಕ್ಯಾನಿಕ್ಕಿನ ಕೈ ಬಿತ್ತೋ, ನನ್ನೆಸ್ರು ಅಶ್ವತ್ಥಪ್ಪನೇ ಅಲ್ಲ!"

ಬಾನೆಟ್ಟಿನ ಮೇಲೆ ಬಲಗೈ ಊರಿ, ಎಡಗೈಯಲ್ಲಿ ಮೀಸೆ ಹಿಡಿದು ಅಶ್ವತ್ಥಪ್ಪ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಳ್ಳಲು ಅಂಗಳದಲ್ಲಿದ್ದವರು ಒಂದಷ್ಟು ಕೋಳಿಗಳು ಮತ್ತು ಅವನ ಹೆಂಡತಿ ಆದಿಲಕ್ಷ್ಮಮ್ಮ. ಕೋಳಿಗಳು ಗಾಬರಿಯಾಗಿ ಬೇಲಿ ಹಾರಿದವು. ಆದಿಲಕ್ಷ್ಮಮ್ಮ ಮಾತ್ರ ಮೊರದಲ್ಲಿದ್ದ ಹುರುಳಿಯಿಂದ ತಲೆಯನ್ನೇ ಎತ್ತಲಿಲ್ಲ.

"ಅಂಗಾದ್ರೆ ನಾಳೆಯಿಂದ ನಿಮ್ಮನ್ನ ಏನಂತ ಕರೀಲಿ? ಈಗ್ಲೇ ಇನ್ನೊಂದೆಸ್ರು ನೋಡಿಟ್ಕೊಳ್ಳಿ."

"ನಗ್ಬೇಡ ಕಣೆ! ಬುದ್ಧಿ ಬಂದಾಗ್ಲಿಂದ ದನದ ರೋಗ ನೋಡ್ಕೊಂಡು ಬಂದೋನು ನಾನು. ಕಣ್ಣು ನೋಡಿ ಜ್ವರ ಯೋಳ್ತೀನಿ, ಸಗಣಿ ನೋಡಿ ಒಟ್ಟೆ ಯೋಳ್ತೀನಿ. ಇದೇನು ಮಹಾ? ನಾಕು ಕಾಲೈತೆ, ಮುಂದ್ಗಡೆ ಎಲ್ಡು ಕಣ್ಣೈತೆ. ದನ ಅಲ್ದೆ ಇನ್ನೇನು?"

"ದನ ಆದ್ರೆ ಕರೆದಾಗ ಬತ್ತದೆ."

ಅಶ್ವತ್ಥಪ್ಪ ಬಾನೆಟ್ಟಿನ ಧೂಳು ಒರೆಸತೊಡಗಿದ. ದನದ ಮಾತು ಆ ಮನೆಯಲ್ಲಿ ಹೆಚ್ಚು ಬೆಳೆಸುವಂತಿರಲಿಲ್ಲ. ಏಕೆಂದರೆ ಆ ಕಾರು ಮನೆಗೆ ಬಂದದ್ದೇ ಎರಡು ಎಮ್ಮೆಗಳು ಹೊರಗೆ ಹೋದ ಬಾಗಿಲಿನಿಂದ!

ಹುಣಸೆಕುಂಟೆಯಿಂದ ಸೈಕಲ್ಲಿಗೆ ಕ್ಯಾನು ನೇತುಹಾಕಿಕೊಂಡು ರಾಬರ್ಟ್‌ಸನ್‌ಪೇಟೆಯ ಹೋಟೆಲುಗಳಿಗೂ ಚಿನ್ನದ ಗಣಿಯ ದೊರೆಗಳ ಬಂಗಲೆಗಳಿಗೂ ಹಾಲು ಹಾಕುತ್ತಿದ್ದವನು ಅಶ್ವತ್ಥಪ್ಪ. ಗಣಿ ಸರಕಾರದ ಕೈಗೆ ಬಂದು ದೊರೆಗಳು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟುತ್ತಿದ್ದ ಕಾಲವದು. ಹೋಗುವವರು ಮಂಚ ಮಾರಿದರು, ಪಿಯಾನೋ ಮಾರಿದರು, ಮೊಲ ಹಿಡಿಯುವ ನಾಯಿಯನ್ನೂ ಮಾರಿದರು. ಒಬ್ಬ ದೊರೆ ತನಗಿಂತ ಹೆಚ್ಚಾಗಿ ಕೆಮ್ಮುತ್ತಿದ್ದ ಒಂದು ಕಾರು ಮಾರಿದ. ಹಾಲು ಅಳೆಯಲು ಹೋದ ಅಶ್ವತ್ಥಪ್ಪ ಆ ಕಾರನ್ನು ನೋಡಿದ. ಕಾರೂ ಅವನನ್ನು ನೋಡಿತು. ಅಲ್ಲಿಗೆ ಎಮ್ಮೆಗಳ ಹಣೆಬರಹ ಮುಗಿಯಿತು!

ಅವು ಸಾಮಾನ್ಯ ಎಮ್ಮೆಗಳಲ್ಲ. ಗೌರಿ ಮತ್ತು ಗಂಗೆ ಎಂದು ಹೆಸರಿಟ್ಟು, ಕುಪ್ಪಂ ಕಡೆಯ ತನ್ನ ಊರಿನಲ್ಲಿ ಹೆಣ್ಣುಮಕ್ಕಳಂತೆ ಸಾಕಿ, ಆದಿಲಕ್ಷ್ಮಮ್ಮನಿಗೆ ತವರಿನ ಉಡುಗೊರೆಯಾಗಿ ಅವಳ ಅಣ್ಣ ದೊಡ್ಡವೆಂಕಟಪ್ಪ ಕೊಟ್ಟವು. ಆಕೆ ನಂಟರ ಮದುವೆಗೆ ಹೋಗಿದ್ದಾಗ ಅಶ್ವತ್ಥಪ್ಪ ಅವನ್ನು ಪಕ್ಕದೂರಿನ ಕದಿರಪ್ಪನಿಗೆ ಮಾರಿ ಕಾರು ತಂದ. ಊರಿಂದ ಬಂದ ಆದಿಲಕ್ಷ್ಮಮ್ಮ ಮಬ್ಬುಗತ್ತಲಲ್ಲಿ ಹುಲ್ಲಿನ ಹೊರೆ ಹಿಡಿದು ಕೊಟ್ಟಿಗೆಗೆ ಹೋದಳು. "ಗೌರೀ, ತಗಳಮ್ಮಾ" ಎಂದು ಮುಖ ಸವರಿದರೆ ಕೈಗೆ ತಣ್ಣಗಿನ ಹೆಡ್‌ಲೈಟು ಸಿಕ್ಕಿತು. ಆಕೆ ಕಿರುಚಿದ ಕೂಗಿಗೆ ಊರಿನವರು ಕಳ್ಳರು ಬಂದರೆಂದು ದೊಣ್ಣೆ ಹಿಡಿದು ಓಡಿಬಂದಿದ್ದರು!

ಈಗ ಕುಪ್ಪಂ ಕಡೆಯಿಂದ ಸುದ್ದಿ ಬಂದಿತ್ತು. ನಾಳೆ ಬೆಳಗಿನ ರೈಲಿಗೆ ಭಾವ ದೊಡ್ಡವೆಂಕಟಪ್ಪ ಬಂಗಾರಪೇಟೆಗೆ ಬರುತ್ತಾನೆ. ಬಾಯಲ್ಲಿ ಹೇಳಿಕಳಿಸಿದ್ದು ತಂಗಿಯನ್ನು ನೋಡಲು ಎಂದು, ಮನಸ್ಸಿನಲ್ಲಿದ್ದದ್ದು ಎಮ್ಮೆ!

"ನಮ್ಮಣ್ಣನ ಗುಣ ನಿಮಗೆ ಗೊತ್ತೈತಲ್ಲ," ಎಂದಳು ಆದಿಲಕ್ಷ್ಮಮ್ಮ. "ಕೊಟ್ಟ ಕರೂನ ಸಂತೇಲಿ ಮಾರ್ಕೊಂಡ ಅಂತ ಸ್ವಂತ ಚಿಕ್ಕಪ್ಪನ ಮನೇಲಿ ಇವತ್ತಿಗೂ ನೀರು ಮುಟ್ಟಲ್ಲ. ಈ ಮನೇಲೂ ಅಂಗೇ ಎದ್ದೋದ್ರೆ ನಂಗೆ ತವರು ಎಲ್ಲೈತೆ? ನಾನು ಸುಳ್ಳು ಯೋಳಲ್ಲ, ನಿಜಾನೂ ಯೋಳಲ್ಲ. ಮಾರಿದ ಬಾಯಿಂದ್ಲೇ ಬರ್ಲಿ."

"ನಿಂಗ್ಯಾಕೆ ಭಯ? ಟೇಸನ್ನಿಂದ ಮನೇವರ್ಗೂ ಮೆತ್ತನೆ ಸೀಟಲ್ಲಿ ಕೂರ್ಸಿ ತರ್ತೀನಿ. ಬಾವನಿಗೆ ಎಮ್ಮೆ ಅನ್ನೋ ಪದಾನೇ ಮರ್ತೋಗ್ಬೇಕು. ಆಮೇಲೆ ಮೆಲ್ಲಗೆ ಯೋಳಿದ್ರೆ, 'ಒಳ್ಳೇ ಕೆಲ್ಸ ಮಾಡ್ದೆ ಬಾವ' ಅಂತ ಬೆನ್ನು ತಟ್ತಾನೆ!"

ಹೀಗಾಗಿ ಕಾರಿನಲ್ಲಿ ಒಂದು ಲೋಪವೂ ಉಳಿಯಬಾರದೆಂದು ಅಂದು ಸಂಜೆ ಅವನು ಅದರ ಅಂಗಾಂಗ ತಪಾಸಣೆ ನಡೆಸಿದ. ಹಿಂದುಗಡೆ ಪೆಟ್ರೋಲ್ ತುಂಬುವ ಬಾಯಿಯ ಮುಚ್ಚಳ ಕೈಗೆ ಬಂದಾಗ ಅವನ ಕಣ್ಣು ಕೆಂಪಾಯಿತು. ಮುಚ್ಚಳದ ನಡುವೆ ಸಾಸಿವೆ ಗಾತ್ರದ ಒಂದು ತೂತು!

"ನೋಡಿದ್ಯಾ ದೊರೆ ಮೋಸಾನ! ಮುಚ್ಚಳಕ್ಕೆ ತೂತಿದ್ರೆ ಅದು ಮುಚ್ಚಳಾನಾ?"

ಹಾಲಿನವನಿಗೆ ಮುಚ್ಚಳವೆಂದರೆ ಮಾನ. ಕ್ಯಾನಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ ಇರುವೆ ಇಳಿಯುತ್ತದೆ, ಧೂಳು ಇಳಿಯುತ್ತದೆ, ಆಮೇಲೆ ಹೋಟೆಲಿನವನ ಬೈಗುಳವೂ ಇಳಿಯುತ್ತದೆ. ಅಶ್ವತ್ಥಪ್ಪ ಕ್ಯಾನುಗಳಿಗೆ ಮಾಡುತ್ತಿದ್ದ ಹಾಗೆಯೇ ಅರಗು ಕಾಯಿಸಿ, ತೊಟ್ಟಿಕ್ಕಿ, ಹೆಬ್ಬೆರಳಿನಲ್ಲಿ ಒತ್ತಿ ತೂತು ಮುಚ್ಚಿದ. ಗಾಳಿಯೂ ನುಸುಳದಂತೆ ಮುಚ್ಚಿದೆನೆಂದು ಹೆಂಡತಿಗೆ ಹೇಳಿಕೊಂಡು, ತೃಪ್ತಿಯಿಂದ ಮುದ್ದೆ ಉಂಡು ಮಲಗಿದ.

ಬೆಳಗ್ಗೆ ಜರಿಯಂಚಿನ ಹೊಸ ವಲ್ಲಿ ಹೊದ್ದು, ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಮುಂದುಗಡೆ ಹ್ಯಾಂಡಲು ತಿರುಗಿಸಿ ಹೊರಟ. ಕಾರು ರಾಜಗಾಂಭೀರ್ಯದಿಂದ ಬಂಗಾರಪೇಟೆ ರಸ್ತೆ ಹಿಡಿಯಿತು. ಹುಣಸೆ ತೋಪು ದಾಟಿತು. ಹಳ್ಳದ ಮೋರಿ ದಾಟಿತು. ಆಮೇಲೆ ಎರಡು ಸಲ ಬಿಕ್ಕಳಿಸಿ ನಿಂತೇಬಿಟ್ಟಿತು!

ಅಶ್ವತ್ಥಪ್ಪ ಇಳಿದ. ವೈದ್ಯನಿಗೆ ತಕ್ಕ ಗತ್ತಿನಲ್ಲಿ ಮೊದಲು ಹಿಂದೆ ಹೋಗಿ ಪೆಟ್ರೋಲಿನ ಮುಚ್ಚಳ ತಿರುಗಿಸಿ ತೆಗೆದ, ಮೂಸಿದ. "ಮೇವಿಗೇನೂ ಕೊರತೆಯಿಲ್ಲ!" ಎಂದು ಕೂಗಿ ಮತ್ತೆ ಬಿಗಿಯಾಗಿ ಮುಚ್ಚಿದ. ಮುಂದೆ ಬಂದು ಬಾನೆಟ್ಟು ಎತ್ತಿ, ಬಗ್ಗಿ ಕಿವಿಯಿಟ್ಟು ಕೇಳಿದ. ರೇಡಿಯೇಟರಿನಲ್ಲಿ ನೀರು ಕುದಿಯುತ್ತಿತ್ತು.

"ಗುಳುಗುಳು ಅಂತೈತೆ ಕಣೆ. ಒಟ್ಟೆ ಉಬ್ಬರ!"

"ಕಾರಿಗಾ?"

"ಮತ್ತೆ ನಂಗಾ? ನಿಮ್ಮಣ್ಣನಿಗೆ ಅಂತ ಓಮದ ನೀರು ತಂದಿದ್ಯಲ್ಲ, ಕೊಡಿಲ್ಲಿ!"

"ಅಯ್ಯೋ, ಅದು ಅವನ ಅಜೀರ್ಣಕ್ಕೆ!"

"ಮೊದ್ಲು ಗಾಡಿಗೆ ಜೀರ್ಣ ಆಗ್ಲಿ, ಆಮೇಲೆ ನಿಮ್ಮಣ್ಣನಿಗೆ!"

ಸ್ವಲ್ಪ ಆರಲು ಬಿಟ್ಟು, ರೇಡಿಯೇಟರಿನ ಬಾಯಿಗೆ ಓಮದ ನೀರನ್ನು ಎಮ್ಮೆಗೆ ಬಿದಿರಿನ ಗೊಟ್ಟದಲ್ಲಿ ಮದ್ದು ಕುಡಿಸಿದಂತೆ ಹೊಯ್ದ. ಹ್ಯಾಂಡಲು ತಿರುಗಿಸಿದ. ಆಹಾ! ಕಾರು ಎದ್ದು ಗುರುಗುಟ್ಟಿತು. ಬಾಣಂತಿ ಕೋಣೆಯ ಹಾಗೆ ಘಮಘಮಿಸುತ್ತಾ ಓಡಿತು!

"ಈಗ ಏನಂತೀಯ?"

"ಏನನ್ನಲಿ? ಸಾಂಬ್ರಾಣಿ ಹೊಗೆ ಒಂದು ಆಕಿದ್ರೆ ತೊಟ್ಲು ಕಟ್ಬೋದಿತ್ತು."

ಒಂದೆರಡು ಮೈಲಿ ಹೋಗುವಷ್ಟರಲ್ಲಿ ಮತ್ತೆ ಬಿಕ್ಕಳಿಕೆ, ಮತ್ತೆ ನಿಲುಗಡೆ. ಓಮದ ಶೀಸೆ ಖಾಲಿ! ಅದೇ ಹೊತ್ತಿಗೆ ಬಂಗಾರಪೇಟೆ ಸಂತೆಗೆಂದು ಚೀಲ ಹಿಡಿದು ನಡೆದು ಹೊರಟಿದ್ದ ಆರುಮುಗಂ ಅಲ್ಲಿಗೆ ಬಂದ. ಗಣಿಯ ಮೈಸೂರು ಮೈನ್ಸ್ ಭಾಗದಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುವ ತಮಿಳಿನವನು. ಅಶ್ವತ್ಥಪ್ಪನ ಹಳೆಯ ಹಾಲಿನ ಗಿರಾಕಿ.

"ಎನ್ನಣ್ಣೇ, ಗಾಡಿ ನಿಂತ್ಕೊಂಡ್ಬಿಡ್ತಾ? ನಾನು ನೋಡ್ಲಾ?"

"ಬೇಡ ಕಣಪ್ಪ. ಮೆಕ್ಯಾನಿಕ್ ಕೈ ಬೀಳ್ಬಾರ್ದು ಅಂತ ಆಣೆ ಆಕಿವ್ನಿ."

"ನಾನೆಲ್ಲಣ್ಣೇ ಮೆಕ್ಯಾನಿಕ್? ನಾನು ಪಂಪ್ ಆಪರೇಟರ್!"

ಪ್ರತಿಜ್ಞೆಗೆ ಭಂಗವಿಲ್ಲವೆಂದು ಖಾತ್ರಿಯಾದ ಮೇಲೆ ಅಶ್ವತ್ಥಪ್ಪ ಒಪ್ಪಿದ. ತನ್ನ ಪದ್ಧತಿಯಂತೆ ಹಿಂದೆ ಹೋಗಿ ಮುಚ್ಚಳ ತೆಗೆದು ಮೂಸಿ ಮುಚ್ಚಿ ಬಂದ. ಆರುಮುಗಂ ಪ್ಲಗ್ಗುಗಳನ್ನು ಬಿಚ್ಚಿ, "ಪೂರಾ ಕರಿ!" ಎಂದು ಘೋಷಿಸಿ, ಸುತ್ತಲೂ ಬಟ್ಟೆ ಹುಡುಕಿದ. ಸಿಕ್ಕಿದ್ದು ಭಾವನ ಸ್ವಾಗತಕ್ಕೆ ಹೊದ್ದಿದ್ದ ಜರಿಯಂಚಿನ ವಲ್ಲಿ! ಅದರಲ್ಲಿ ಉಜ್ಜಿ, ತಿರುಗಿ ಹಾಕಿ, ಹ್ಯಾಂಡಲು ತಿರುಗಿಸಿದ. ಕಾರು ಎದ್ದಿತು!

"ಸರಿಯಾಪೋಚ್ಚು! ಸರಿಯಾಯ್ತು!" ಎಂದು ಆರುಮುಗಂ ಕರೆಯದೆಯೇ ಮುಂದಿನ ಸೀಟಿನಲ್ಲಿ ಕುಳಿತ.

ಮೂರನೆಯ ಸಲ ನಿಂತಾಗ ಇಬ್ಬರು ವೈದ್ಯರಿಗೂ ಜಗಳ ಹತ್ತಿತು. ಒಬ್ಬ ಉಬ್ಬರವೆಂದರೆ ಇನ್ನೊಬ್ಬ ಕರಿಯೆಂದ. ಕೊನೆಗೆ ಎರಡೂ ಚಿಕಿತ್ಸೆ ಒಟ್ಟಿಗೇ ಆಗಲೆಂದು ತೀರ್ಮಾನವಾಯಿತು. ಮುಚ್ಚಳ ತೆಗೆದು ಮೂಸಿ ಮುಚ್ಚಿದ್ದಾಯಿತು, ಖಾಲಿ ಓಮದ ಶೀಸೆಗೆ ಹಳ್ಳದ ನೀರು ತುಂಬಿ ತೊಳೆದು ಹೊಯ್ದದ್ದಾಯಿತು, ಪ್ಲಗ್ಗು ಉಜ್ಜಿದ್ದಾಯಿತು. ಇವರ ಗಲಾಟೆ ತಾಳಲಾರದೆ ಆದಿಲಕ್ಷ್ಮಮ್ಮ ಇಳಿದು ಹೋಗಿ ಜಾಲಿ ಮರದ ಕೆಳಗೆ ನಿಂತಳು. ಅದೇ ಗಳಿಗೆಯಲ್ಲಿ ಹ್ಯಾಂಡಲು ತಿರುಗಿತು. ಕಾರು ಭರ್ರೆಂದಿತು!

ಅಶ್ವತ್ಥಪ್ಪ ಹೆಂಡತಿಯನ್ನು ನೋಡಿದ. ಕಾರನ್ನು ನೋಡಿದ. ಅವನ ಮುಖದಲ್ಲಿ ಮಹಾಜ್ಞಾನದ ಬೆಳಕು ಮೂಡಿತು.

"ಲೇ, ನೀನು ಇಳಿದ್ರೆ ಏಳ್ತದೆ ಕಣೆ!"

"ಏನಂದ್ರಿ?"

"ಅಕ್ಕಾ, ಅಣ್ಣ ಯೋಳೋದು ನಿಜ," ಎಂದ ಆರುಮುಗಂ. "ಇಳಿದ್ರಿ, ಎದ್ದಿತು!"

"ಮದುವೆ ಆಗಿ ಬಂದಾಗ್ಲಿಂದ ಗಾಣದೆತ್ತಿನಂಗೆ ದುಡಿದೆ. ಔಷಧಿ ಆಗೋದೊಂದು ಬಾಕಿ ಇತ್ತು. ಅದೂ ಆಯ್ತು!" ಎಂದು ಆದಿಲಕ್ಷ್ಮಮ್ಮ ಬಂದು ಕುಳಿತಳು.

ಆಮೇಲೆ ಯಾವ ಮದ್ದು ಯಾವ ರೋಗಕ್ಕೆ ತಗುಲಿತೆಂದು ಯಾರಿಗೂ ತಿಳಿಯದ ಕಾರಣ, ನಿಂತಾಗಲೆಲ್ಲ ಪೂರ್ತಿ ಶಾಸ್ತ್ರ ನಡೆಯಲೇಬೇಕಾಯಿತು. ಮೂಸುವುದು, ಹೊಯ್ಯುವುದು, ಉಜ್ಜುವುದು, ಹೆಂಡತಿ ಇಳಿದು ಮರದ ಕೆಳಗೆ ನಿಲ್ಲುವುದು. ಒಮ್ಮೆ ಸುತ್ತಮುತ್ತ ಮರವೇ ಇರಲಿಲ್ಲ. ಆದಿಲಕ್ಷ್ಮಮ್ಮ ಉರಿಬಿಸಿಲಿನಲ್ಲಿ ಮೈಲಿಗಲ್ಲಿನ ಪಕ್ಕ ಇನ್ನೊಂದು ಮೈಲಿಗಲ್ಲಾಗಿ ನಿಂತಳು!

ಬಂಗಾರಪೇಟೆ ತಲುಪುವ ಹೊತ್ತಿಗೆ ರೈಲು ಬಂದು ಹೋಗಿ ಎಷ್ಟೋ ಹೊತ್ತಾಗಿತ್ತು. ದೊಡ್ಡವೆಂಕಟಪ್ಪ ಸ್ಟೇಷನ್ನಿನ ಮುಂದೆ ಒಂದು ದೊಡ್ಡ ಗೋಣಿಮೂಟೆಯ ಮೇಲೆ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದ. ಅಶ್ವತ್ಥಪ್ಪನ ವಲ್ಲಿಯ ತುಂಬ ಮಸಿ, ತಂಗಿಯ ಮುಖ ಕೆಂಡ, ಕಾರಿನಿಂದ ಓಮದ ವಾಸನೆ. ಎಲ್ಲವನ್ನೂ ಒಂದು ಸಲ ನೋಡಿದ.

"ಏಮಮ್ಮಾಯಿ, ಯಾರಿಗೆ ಬಾಣಂತನ?" ಎಂದು ತೆಲುಗು ಬೆರೆಸಿ ತಂಗಿಯನ್ನು ಕೇಳಿದ.

"ಕಾರಿಗೆ ಅಣ್ಣ," ಎಂದಳು ತಂಗಿ.

ಅಶ್ವತ್ಥಪ್ಪ ಅವಸರದಿಂದ ಮೂಟೆಗೆ ಕೈ ಹಾಕಿದ. "ಇಷ್ಟ್ಯಾಕೆ ಒತ್ಕೊಂಡು ಬಂದ್ರಿ ಬಾವ? ನಮಗೆ ಏನೂ ಬೇಕಾಗಿರ್ಲಿಲ್ಲ."

"ನಿಮಗ್ಯಾರು ತಂದ್ರು? ಕಡಲೆಕಾಯಿ ಇಂಡಿ ಇದು, ನಮ್ಮ ಗೌರಿಗೂ ಗಂಗೆಗೂ! ಎಂಗವೆ ಮಕ್ಕಳು? ಆಲು ಚೆನ್ನಾಗಿ ಕೊಡ್ತವಾ?"

ಅಶ್ವತ್ಥಪ್ಪನಿಗೆ ಗಂಟಲೊಳಗೇ ಬಿಕ್ಕಳಿಕೆ ಬಂತು. "ಬನ್ನಿ ಬಾವ, ಮೊದ್ಲು ಸೀಟು ನೋಡಿ, ಎಂಥಾ ಮೆತ್ತಗೈತೆ!" ಎಂದು ಮೂಟೆಯನ್ನೂ ಭಾವನನ್ನೂ ಹಿಂದಿನ ಸೀಟಿಗೆ ತುಂಬಿದ. ಅಷ್ಟರಲ್ಲಿ ಸಂತೆಗೆ ಓಡಿ ಚೀಲ ತುಂಬಿಸಿಕೊಂಡು ಬಂದ ಆರುಮುಗಂ ಮುಂದೆ ಕುಳಿತ.

ಕಾರು ಹೊರಟಿತು. ಭಾವ ಸೀಟನ್ನು ಒತ್ತಿ ನೋಡಿ, "ಎಮ್ಮೆ..." ಎಂದು ಬಾಯಿ ತೆರೆಯುವಷ್ಟರಲ್ಲಿ ಪುಣ್ಯಕ್ಕೆ ಕಾರು ನಿಂತಿತು! ನಿಂತ ಕಾರಿಗೆ ಅಶ್ವತ್ಥಪ್ಪ ಮನಸ್ಸಿನಲ್ಲೇ ಕೈಮುಗಿದದ್ದು ಅದೇ ಮೊದಲು.

ಯಾರೂ ಹೇಳದೆಯೇ ಆದಿಲಕ್ಷ್ಮಮ್ಮ ಬಾಗಿಲು ತೆರೆದು, ಇಳಿದು, ಮರ ಹುಡುಕಿಕೊಂಡು ಹೊರಟಳು. ಆರುಮುಗಂ ವಲ್ಲಿಗೆ ಕೈಚಾಚಿದ.

"ಏನಮ್ಮಾಯಿ, ಎಲ್ಲಿಗೆ?"

"ನನ್ನ ಕೆಲ್ಸಕ್ಕೆ ಅಣ್ಣ. ನಾನು ನಿಲ್ದಿದ್ರೆ ಇದು ಓಗಲ್ಲ."

ದೊಡ್ಡವೆಂಕಟಪ್ಪನಿಗೆ ತಾನೊಬ್ಬ ಸುಮ್ಮನೆ ಕೂರುವುದು ಸರಿಯೆನಿಸಲಿಲ್ಲ. "ನಾನೇನು ಮಾಡ್ಲಿ ಬಾವ?" ಎಂದ.

"ಇಂದ್ಗಡೆ ಮುಚ್ಚಳ ತೆಗೆದು ಪೆಟ್ರೋಲ್ ಐತಾ ಅಂತ ಒಸಿ ಮೂಸ್ನೋಡಿ."

ಅವನು ಬಗ್ಗಿ, ಮುಖವನ್ನು ಹತ್ತಿರ ತಂದು ಮೆಲ್ಲಗೆ ಮುಚ್ಚಳ ತಿರುಗಿಸಿದ. ಒಳಗಿನಿಂದ 'ಬುಸ್ಸ್ಸ್' ಎಂದಿತು!

"ಪಾಮು! ಪಾಮು!" ದೊಡ್ಡವೆಂಕಟಪ್ಪ ಮುಚ್ಚಳ ಹಿಡಿದುಕೊಂಡೇ ಚರಂಡಿ ಹಾರಿದ.

"ಅಯ್ಯೋ ಪಾಂಬು!" ಆರುಮುಗಂ ಪ್ಲಗ್ಗು ಹಿಡಿದು ಗದ್ದೆಗೆ ಬಿದ್ದ.

"ಆವು! ಆವು ಕಣ್ರಪ್ಪೋ!" ಅಶ್ವತ್ಥಪ್ಪ ಬಾನೆಟ್ಟಿಗೆ ತಲೆ ಬಡಿದುಕೊಂಡು ಹೆಂಡತಿ ನಿಂತಿದ್ದ ಮರದ ಹಿಂದೆ ಸೇರಿದ. ಮೂರು ಭಾಷೆಯಲ್ಲಿ ಕರೆದರೂ ಹಾವು ಹೊರಗೆ ಬರಲಿಲ್ಲ.

"ಬುಸ್ ಅಂತು ಬಾವ, ನನ್ನ ಕಿವಿಯಾರೆ ಕೇಳ್ದೆ. ನಾಗರಾವೇ ಸೈ!" ಎಂದ ದೊಡ್ಡವೆಂಕಟಪ್ಪ ಚರಂಡಿಯಾಚೆಯಿಂದ.

"ಅದಕ್ಕೇ ನಿಲ್ತಿತ್ತು! ಪೆಟ್ರೋಲ್ ಎಲ್ಲಾ ಅದೇ ಕುಡೀತಾ ಐತೆ!" ಎಂದ ಅಶ್ವತ್ಥಪ್ಪ ಮರದ ಹಿಂದಿನಿಂದ.

ಕಲ್ಲು ಹಿಡಿದು ಕಾದರು. ನಾಗಪ್ಪನಿಗೆ ತನಿ ಎರೆಯುತ್ತೇನೆಂದು ಅಶ್ವತ್ಥಪ್ಪ ಹರಕೆ ಹೊತ್ತ. ಬಿಸಿಲು ನೆತ್ತಿಗೇರಿತು. ಕೊನೆಗೆ, ಹಾವಿಗೆ ಹೊರಗೆ ಹೋಗಲು ದಾರಿಯಿರಲೆಂದು ಬಾಯಿ ತೆರೆದಿಟ್ಟುಕೊಂಡೇ ಹೊರಡುವುದೆಂದು ನಿರ್ಧಾರವಾಯಿತು. ಅಲ್ಲದೆ, ಮುಚ್ಚಳ ಹಾಕಲು ಹತ್ತಿರ ಹೋಗುವ ಗಂಡಸೂ ಅಲ್ಲಿರಲಿಲ್ಲ.

ಆರುಮುಗಂ ಪ್ಲಗ್ಗು ತಿರುಗಿ ಹಾಕಿದ ಮೇಲೆ ಕಾರು ಎದ್ದಿತು. ಓಡಿತು. ಹಿಂದೆ ನಿಂತ ಜಾಗಗಳೆಲ್ಲ ಬಂದವು, ಹೋದವು. ಬಿಕ್ಕಳಿಕೆಯಿಲ್ಲ! ಗಾಳಿಗೆ ಆದಿಲಕ್ಷ್ಮಮ್ಮನ ಸೆರಗು ಹಾರಿತು. ಆರುಮುಗಂ ಸುಮ್ಮನಿರಲಾರದೆ ದೊಡ್ಡವೆಂಕಟಪ್ಪನ ಕೈಯಿಂದ ಮುಚ್ಚಳ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಉಗುರಿನಿಂದ ಕೆರೆದ.

"ಅಣ್ಣೇ, ಇದ್ರಲ್ಲಿ ತೂತಿತ್ತಲ್ಲ. ಅರಗು ಆಕಿದ್ಯಾರು?"

"ನಾನೇ!" ಎಂದ ಅಶ್ವತ್ಥಪ್ಪ ಹೆಮ್ಮೆಯಿಂದ.

"ಅಯ್ಯೋ ಅಣ್ಣೇ! ಆವೂ ಇಲ್ಲ, ಏನೂ ಇಲ್ಲ. ನಮ್ಮ ಗಣಿಗೂ ಗಾಳಿಗೆ ಅಂತ ಬೇರೆ ಬಾವಿ ಬಿಟ್ಟಿರ್ತಾರೆ. ಅದನ್ನ ಮುಚ್ಚಿದ್ರೆ ಒಳಗಿರೋ ಆಳೆಲ್ಲ ಅಷ್ಟೇ! ಪೆಟ್ರೋಲ್ ಇಂಜಿನ್ನಿಗೆ ಓಗ್ಬೇಕಾದ್ರೆ ಟ್ಯಾಂಕಿಗೆ ಗಾಳಿ ಬರ್ಬೇಕು. ನೀವು ಮೂಸಕ್ಕೆ ಮುಚ್ಚಳ ತೆಗೆದಾಗೆಲ್ಲ ಅದು ಬುಸ್ ಅಂತ ಉಸ್ರು ಎಳ್ಕೊಳ್ತಿತ್ತು, ಅವಸರದಲ್ಲಿ ನಿಮ್ಮ ಕಿವಿಗೆ ಬೀಳ್ಲಿಲ್ಲ. ಅಷ್ಟಕ್ಕೇ ಒಂದೆರಡು ಮೈಲಿ ಓಡ್ತಿತ್ತು. ಅಷ್ಟೇ!"

ಆರುಮುಗಂ ಅರಗಿನ ಕೊನೆಯ ಚೂರನ್ನೂ ಕೆರೆದು ಕಿಟಕಿಯಾಚೆ ಊದಿದ.

"ಓಮದ ನೀರು?" ಎಂದಳು ಹಿಂದಿನಿಂದ ಆದಿಲಕ್ಷ್ಮಮ್ಮ.

ಅಶ್ವತ್ಥಪ್ಪ ರಸ್ತೆ ನೋಡಿದ.

"ನಾನು ಬಿಸ್ಲಲ್ಲಿ ನಿಂತಿದ್ದು?"

ಅಶ್ವತ್ಥಪ್ಪ ಇನ್ನೂ ಗಮನವಿಟ್ಟು ರಸ್ತೆ ನೋಡಿದ.

ದೊಡ್ಡವೆಂಕಟಪ್ಪ ಹಿಂಡಿಯ ಮೂಟೆಗೆ ಒರಗಿ ಕಾಲು ಚಾಚಿದ. ಕಾರು ಹೂವಿನ ಹಾಗೆ ಓಡುತ್ತಿತ್ತು. ಇನ್ನು ಮಾತಿಗೆ ಅಡ್ಡಿಯೇನಿದೆ? "ಅದಿರ್ಲಿ ಬಾವ. ಕೇಳಿದ್ದಕ್ಕೆ ನೀವು ಉತ್ತರಾನೇ ಕೊಡ್ಲಿಲ್ಲ. ಎಮ್ಮೆ ಎಂಗವೆ?"

ಈಗ ನಿಲ್ಲಬೇಕಿತ್ತು ಕಾರು! ಬೆಳಗಿನಿಂದ ಬೇಡವೆಂದರೂ ನಿಂತ ಪಾಪಿ, ನಿಲ್ಲಪ್ಪಾ ಎಂದು ಬೇಡಿಕೊಂಡರೂ ನಿಲ್ಲದೆ ಓಡಿತು!

"ಎಮ್ಮೆ... ಮೇಯಕ್ಕೆ ಓಗವೆ ಬಾವ."

"ಎಲ್ಲಿಗೆ?"

"ಒಸಿ ದೂರ."

ಅಷ್ಟರಲ್ಲಿ ರಸ್ತೆ ತಿರುಗಿತು. ಎದುರಿಗೆ ಕೆರೆಯಿಂದ ಮನೆ ಕಡೆ ಹೊರಟ ಎಮ್ಮೆಗಳ ಹಿಂಡು! ಬ್ರೇಕು ಹಾಕಲೇಬೇಕಾಯಿತು. ಹಿಂಡಿಯ ವಾಸನೆಗೋ, ಸಾಕಿದವನ ದನಿಗೋ, ಎರಡು ದಪ್ಪ ಎಮ್ಮೆಗಳು ಗುಂಪು ಬಿಟ್ಟು ಬಂದವು. ಒಂದು ಹಿಂದಿನ ಕಿಟಕಿಯಿಂದ ತಲೆ ತೂರಿಸಿ ದೊಡ್ಡವೆಂಕಟಪ್ಪನ ಕೆನ್ನೆಯನ್ನು ಗಲ್ಲದಿಂದ ಹಣೆಯವರೆಗೆ ನೆಕ್ಕಿತು.

"ಗೌರೀ! ಏನೇ ನನ್ನ ತಾಯಿ, ನೀನಿಲ್ಲಿ?"

ಹಿಂದಿನಿಂದ ಕೋಲು ಹಿಡಿದು ಕದಿರಪ್ಪ ಓಡಿಬಂದ. ಕಾರಿನೊಳಗೆ ಯಾರಿದ್ದಾರೆಂದು ನೋಡಿ ಅವನ ಮುಖ ಅರಳಿತು. "ಓ, ಅಶ್ವತ್ಥಪ್ಪೋರು! ನಿಮ್ಮ ಕೈಗುಣ ದೊಡ್ಡದು ಕಣಪ್ಪ! ನೀವು ಮಾರಿದ್ರಲ್ಲ ಈ ಎಮ್ಮೆ, ಎಲ್ಡೊತ್ತೂ ಪಾ‍ತ್ರೆ ತುಂಬ ಆಲು! ಇಂಥಾ ಎಮ್ಮೆ ಮಾರ್ಕೊಳ್ಳೋ ಧರ್ಮಾತ್ಮ ಇನ್ನೊಬ್ಬ ಸಿಗಲ್ಲ ಅಂತ ನಮ್ಮ ನರಸಮ್ಮ ದಿನಾ ನಿಮ್ಮನ್ನ ನೆನೀತಾಳೆ!"

ಕಾರು ಗುರುಗುಡುತ್ತಲೇ ಇತ್ತು.

ದೊಡ್ಡವೆಂಕಟಪ್ಪ ಕೂಗಾಡಲಿಲ್ಲ. ಬಾಗಿಲು ತೆರೆದ, ಮೂಟೆ ಹೆಗಲಿಗೇರಿಸಿದ. "ನಾನು ನೋಡಾಕೆ ಬಂದಿದ್ದು ಇವರನ್ನ. ಇವರು ಎಲ್ಲವರೋ ಅಲ್ಲೇ ನನ್ನ ಊಟ. ಅಮ್ಮಾಯಿ, ನೀನೂ ಬಾ. ನಾನು ಕೊಟ್ಟಿದ್ದು ನಿಂಗೆ. ನಿನ್ನ ಮೇಲೆ ನಂಗೇನು ಕೋಪ?" ಎಂದು ಎಮ್ಮೆಗಳ ಮಧ್ಯೆ ನಡೆದೇಬಿಟ್ಟ. ಆದಿಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿಯೂ ನೋಡದೆ ಹಿಂದೆ ಹೋದಳು. ಆರುಮುಗಂ ತನ್ನ ಚೀಲ ತೆಗೆದುಕೊಂಡು, "ನಾನು ನಡ್ಕೊಂಡೇ ಓಗ್ತೀನಣ್ಣೇ" ಎಂದು ಮೆಲ್ಲಗೆ ಜಾರಿದ. ಊರಿಗೆಲ್ಲ ಒಂದೇ ಆಗಿದ್ದ ಕಾರಿನಲ್ಲಿ ಅಶ್ವತ್ಥಪ್ಪ ಒಬ್ಬನೇ ಉಳಿದ.

ಎಷ್ಟು ಹೊತ್ತು ಕೂರುವುದು? ಹಸಿವೂ ಆಗಿತ್ತು. ಹಿಂಡಿನ ಹಿಂದೆ ಹಿಂದೆಯೇ, ಎಮ್ಮೆಯ ನಡಿಗೆಯಲ್ಲೇ ಕಾರು ಬಿಟ್ಟುಕೊಂಡು ಬಂದು ಕದಿರಪ್ಪನ ಮನೆಯ ಮುಂದೆ ನಿಲ್ಲಿಸಿದ. ತಲೆ ಬಗ್ಗಿಸಿ ಜಗುಲಿಯ ತುದಿಯಲ್ಲಿ ಕುಳಿತ. "ತಪ್ಪಾಯ್ತು ಬಾವ," ಎಂದ. ಭಾವ ಕೇಳಿಸದವನಂತೆ ಗೌರಿಯ ಕೆಚ್ಚಲು ತೊಳೆದು, ತಾನೇ ಕೂತು ಚೊಂಬಿನ ತುಂಬ ನೊರೆನೊರೆಯಾಗಿ ಕರೆದ. ಕದಿರಪ್ಪನ ಹೆಂಡತಿ ನರಸಮ್ಮ ಅದನ್ನು ಬೆಲ್ಲ ಹಾಕಿ ಕಾಯಿಸಿ ಎಲ್ಲರಿಗೂ ಲೋಟಕ್ಕೆ ಬಗ್ಗಿಸಿ ಕೊಟ್ಟಳು, ಅಶ್ವತ್ಥಪ್ಪನಿಗೂ.

ಅಶ್ವತ್ಥಪ್ಪ ಕುಡಿದ. ಕೆನೆ ಮೀಸೆಗೆ ಹತ್ತಿತು. ಎಷ್ಟೋ ದಿನದ ಮೇಲೆ ಸಿಕ್ಕ ರುಚಿ! ಮಾನ ಮರ್ಯಾದೆಯೆಲ್ಲ ಮರೆತು ಲೋಟ ಮುಂದಕ್ಕೆ ಚಾಚಿದ.

"ಇನ್ನೊಂದು ಲೋಟ ಸಿಗ್ತದಾ?"

ಆದಿಲಕ್ಷ್ಮಮ್ಮ ಎದ್ದಳು. ಖಾಲಿ ಚೊಂಬು ತೆಗೆದುಕೊಂಡು ಅವನ ಕೈಯಲ್ಲಿಟ್ಟಳು.

"ಆಚೆ ನಿಂತೈತಲ್ಲ ನಿಮ್ಮ ಕಾರು," ಎಂದಳು. "ಓಗಿ ಆಲು ಕರಕೊಂಡು ಬನ್ನಿ!"

ಅಲ್ಲಿಯವರೆಗೆ ಬಿಗಿದುಕೊಂಡಿದ್ದ ದೊಡ್ಡವೆಂಕಟಪ್ಪ ಕುಡಿಯುತ್ತಿದ್ದ ಹಾಲನ್ನೆಲ್ಲ ಮೂಗಿನಿಂದ ಬಿಟ್ಟುಕೊಂಡು ನಕ್ಕ. "ಒದೀತದೆ ಬಾವ, ಇಂದ್ಗಾಲು ಕಟ್ಟಾಕ್ಕೊಂಡು ಕರೀರಿ!"